ಹನ್ನೆರಡನೇ ಪುಟದ ಕಾವು

ವಿಜಯ್‌ಕುಮಾರರ ಪ್ರೆಸ್ಸಿನಲ್ಲಿ ಒಂದು ಕಂಪ್ಯೂಟರ್ ಇತ್ತು. ಅದು ಸುಮಿತ್ರಮ್ಮ ಕೂತರೆ ಮಾತ್ರ ಆಫ್ ಆಗುತ್ತಿತ್ತು. ಬೇರೆ ಯಾರು ಕೂತರೂ ಸಂಜೆಯವರೆಗೆ ತುಟಿಪಿಟಿಕ್ಕೆನ್ನದೆ ಕೆಲಸ ಮಾಡುತ್ತಿತ್ತು. ಇದನ್ನು ಕೇಳಿದವರು ಯಾರೇ ಆದರೂ ಏನೆಂದುಕೊಳ್ಳುತ್ತಾರೋ ವಿಜಯ್‌ಕುಮಾರರೂ ಅದನ್ನೇ ಅಂದುಕೊಂಡಿದ್ದರು: ಸುಮಿತ್ರಮ್ಮನೇ ಆಫ್ ಮಾಡುತ್ತಿದ್ದಾರೆ. ಯಂತ್ರದ ಮೇಲೆ ಅನುಮಾನಪಡುವುದಕ್ಕಿಂತ ಮನುಷ್ಯರ ಮೇಲೆ ಅನುಮಾನಪಡುವುದು ಯಾವಾಗಲೂ ಸುಲಭ. ಅದಕ್ಕೆ ಸ್ಕ್ರೂಡ್ರೈವರ್ ಬೇಕಾಗುವುದಿಲ್ಲ.

ಪ್ರೆಸ್ಸು ಇದ್ದದ್ದು ಮಂಡಿ ಮೊಹಲ್ಲಾದ ಒಂದು ಓಣಿಯಲ್ಲಿ, ಬೆಲ್ಲದ ಸಗಟು ಅಂಗಡಿಯ ಮೇಲೆ. ಮೆಟ್ಟಿಲು ಹತ್ತುವಾಗ ಬೆಲ್ಲದ ವಾಸನೆ ಮುಗಿದು ಶಾಯಿಯ ವಾಸನೆ ಎಲ್ಲಿ ಶುರುವಾಗುತ್ತದೆ ಎಂಬುದು ಅನುಪಮಳಿಗೆ ಕಣ್ಣು ಮುಚ್ಚಿಕೊಂಡು ಹೇಳುವಷ್ಟು ರೂಢಿಯಾಗಿತ್ತು. ಆರು ವರ್ಷದಿಂದ ಅಲ್ಲಿನ ಕಂಪ್ಯೂಟರುಗಳ ಕಾಯಿಲೆ ಕಸಾಲೆ ನೋಡುತ್ತಿದ್ದವಳು ಅವಳೇ. ಅಶೋಕಪುರಂನಿಂದ ಸ್ಕೂಟರಿನಲ್ಲಿ ಬಂದು, ಹೆಗಲ ಮೇಲಿನ ಬ್ಯಾಗಿನಲ್ಲಿ ಮಲ್ಟಿಮೀಟರು, ಬ್ರಷ್ಷು, ನಾಲ್ಕು ಬಗೆಯ ಸ್ಕ್ರೂಡ್ರೈವರು ಹೊತ್ತು ಊರೆಲ್ಲ ಸುತ್ತುವ ಕೆಲಸ. ಕೆಟ್ಟದ್ದನ್ನು ಸರಿಮಾಡುವುದರಲ್ಲಿ ಅವಳು ಗಟ್ಟಿಗಿತ್ತಿ. ಅವಳ ತೊಂದರೆ ಇದ್ದದ್ದು ಅದಾದ ಮೇಲೆ. ಯಾಕೆ ಕೆಟ್ಟಿತ್ತು ಎಂದು ತಿಳಿಯುವವರೆಗೆ ಅವಳಿಗೆ ಊಟ ಸೇರುತ್ತಿರಲಿಲ್ಲ. "ಗಾಯ ಮಾದ್ಮೇಲೂ ಕೆರ್ಕತೀಯಲ್ಲ ಕಣೆ, ನಿಂಗೇನ್ ಬುದ್ಧಿ ಐತೋ ಇಲ್ವೋ" ಎಂದು ಅವಳ ತಾಯಿ ಸಾಕಮ್ಮ ವಾರಕ್ಕೆರಡು ಸಲ ಬಯ್ಯುತ್ತಿದ್ದರು.

ಮಾರ್ಚ್ ಕೊನೆಯ ಒಂದು ಸೋಮವಾರ ವಿಜಯ್‌ಕುಮಾರ್ ಅವಳನ್ನು ಕರೆಸಿದರು.

"ನೋಡಿ ಅನುಪಮಾ, ಎರಡು ತಿಂಗ್ಳಿಂದ ಇದೇ ಗೋಳು. ಸುಮಿತ್ರಮ್ಮ ಕೂತ್ಕಂಡು ಎರಡು ಗಂಟೆ ಆಗೋದೇ ತಡ, ದಪ್ ಅಂತ ಆಫ್. ನಮ್ ಡಿಸೈನ್ ಮಾಡೋ ಸುಪ್ರೀತ್ ಕೂತ್ರೆ ಏನೂ ಇಲ್ಲ. ನಾನೇ ಒಂದಿನ ಕೂತು ನೋಡ್ದೆ, ಏನೂ ಇಲ್ಲ. ವಯಸ್ಸಾಯ್ತು ಕಣ್ರೀ, ಸುಸ್ತಾಗುತ್ತೆ, ಸ್ವಿಚ್ ಒತ್ಬುಟ್ಟು ಸುಧಾರಿಸ್ಕೋತಾರೆ. ನಾನೇನ್ ಬಯ್ಯಲ್ಲ. ಆದ್ರೆ ಪುಸ್ತಕ ಮುಗೀಬೇಕಲ್ಲ?"

ಪುಸ್ತಕವೆಂದರೆ ನಿವೃತ್ತ ಮೇಷ್ಟ್ರು ಸಣ್ಣಮಾದಯ್ಯನವರು ಬರೆದದ್ದು. ತಮ್ಮ ಊರಿನ ಕೇರಿಯವರು ಹಿಂದೊಮ್ಮೆ ಒಟ್ಟಾಗಿ ಬಾವಿ ತೋಡಿದ ಕಥೆ. ಮುನ್ನೂರು ಫುಲ್‌ಸ್ಕೇಪ್ ಹಾಳೆ, ಎಲ್ಲ ಕೈಬರಹ. ಏಪ್ರಿಲ್ ಹದಿನಾಲ್ಕರ ಜಯಂತಿಯ ದಿನ ಬಿಡುಗಡೆ ಎಂದು ಕರೆಯೋಲೆ ಕೂಡ ಅದೇ ಪ್ರೆಸ್ಸಿನಲ್ಲಿ ಅಚ್ಚಾಗಿತ್ತು. ಹಾಳೆಗಳು ಮಾತ್ರ ಅರ್ಧವೂ ಕಂಪ್ಯೂಟರಿಗೆ ಏರಿರಲಿಲ್ಲ.

"ಶನಿವಾರದವರೆಗೆ ನೋಡ್ತೀನಿ" ಎಂದರು ವಿಜಯ್‌ಕುಮಾರ್. "ಸೋಮವಾರದಿಂದ ಪುಸ್ತಕ ಸುಪ್ರೀತ್‌ಗೆ. ಸುಮಿತ್ರಮ್ಮ ಹಿಂದ್ಗಡೆ ಬೈಂಡಿಂಗಲ್ಲಿ ಹಾಳೆ ಮಡಚ್ಕಂಡಿರ್ಲಿ. ಅವ್ರಿಗೂ ಆರಾಮು."

ಗಟ್ಟಿಯಾಗಿಯೇ ಹೇಳಿದರು. ಆರಡಿ ದೂರದಲ್ಲಿದ್ದ ಸುಮಿತ್ರಮ್ಮನ ಕಿವಿಗೆ ಬೀಳಲಿ ಎಂದೇ ಹೇಳಿದಂತಿತ್ತು. ಐವತ್ತೈದು ವರ್ಷದ ಸುಮಿತ್ರಮ್ಮ ಅಕ್ಷರದ ಕೆಲಸಕ್ಕೆ ಬಂದದ್ದು ಇಪ್ಪತ್ತರಲ್ಲಿ, ಸೀಸದ ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ. ಈ ಪ್ರೆಸ್ಸಿಗೆ ಸೇರಿಯೇ ಇಪ್ಪತ್ತಾರು ವರ್ಷ. ಮೊಳೆಗಳು ಗುಜರಿಗೆ ಹೋದಾಗ ಇನ್ನು ಇವರೂ ಮನೆಗೆ ಹೋಗುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅವರು ಒಂದೇ ತಿಂಗಳಲ್ಲಿ ಕೀಬೋರ್ಡ್ ಕಲಿತು ಅದೇ ಕುರ್ಚಿಯಲ್ಲಿ ಕೂತರು. ಈಗ ಆ ಕುರ್ಚಿಯಿಂದ ಎಬ್ಬಿಸಿ ಹಾಳೆ ಮಡಚಲು ಕೂರಿಸುವುದೆಂದರೆ ಅವರ ಪಾಲಿಗೆ ಅದು ಆರಾಮಲ್ಲ, ಅವಮಾನ. ಆದರೂ ಅವರು ಅನುಪಮ ಹತ್ತಿರ ಹೋಗುತ್ತಿದ್ದಂತೆ ಧಡಕ್ಕನೆ ಎದ್ದು, ಟೇಬಲ್ಲಿನ ಮೇಲಿದ್ದ ಹಾಳೆಗಳನ್ನೆಲ್ಲ ಡ್ರಾಯರಿಗೆ ಸೇರಿಸಿ, ಸೆರಗಿನ ತುದಿಯಿಂದ ಟೇಬಲ್ ಒರೆಸಿ, ಕುರ್ಚಿಯನ್ನು ಮುಂದೆ ತಳ್ಳಿದರು.

"ಕೂತ್ಕಳಿ ಮೇಡಂ."

"ನೀವು ಆಫ್ ಮಾಡ್ತೀರಾ ಸುಮಿತ್ರಮ್ಮನೋರೆ?" ಅನುಪಮ ಮೆಲ್ಲಗೆ ಕೇಳಿದಳು.

"ನಾನ್ಯಾಕ್ ಮಾಡ್ಲಿ? ಆಫಾದ್ರೆ ಉಳಿಸ್ದೇ ಇರೋ ಸಾಲೆಲ್ಲ ಮತ್ತೆ ನಾನೇ ಟೈಪ್ ಮಾಡ್ಬೇಕು. ನನ್ ಬೆರಳೇನು ಬಿಟ್ಟಿ ಬಂದಿದ್ದಾ?"

ಈ ಮಾತು ಅನುಪಮಳಿಗೆ ನಾಟಿತು. ಅವಳು ನಂಬಿದಳು. ಆದರೆ ಅವಳು ನಂಬಿದರೆ ಏನು ಬಂತು, ನಂಬಬೇಕಾದವರು ಬೇರೆಯವರು. ಅಲ್ಲದೆ ಅವಳಿಗೆ ಆಗಲೇ ಒಳಗೆ ಹುಳ ಬಿಟ್ಟಂತಾಗಿತ್ತು. ಕಂಪ್ಯೂಟರಿಗೆ ಎದುರು ಕೂತವರ ಗುರುತು ಸಿಗುವುದಾದರೂ ಹೇಗೆ?

ವೈರಸ್ ಕಾಟ ತಾಳಲಾರದೆ ಎರಡು ವರ್ಷದ ಹಿಂದೆ ಅನುಪಮಳೇ ಆ ಯಂತ್ರಕ್ಕೆ ಲಿನಕ್ಸ್ ಹಾಕಿ, ಬರೀ ಟೈಪಿಂಗಿಗೆ ಎಂದು ಬಿಟ್ಟಿದ್ದಳು. ಸುಮ್ಮನೆ ಕೂತಿದ್ದರೂ ಬಿಸಿಯಾಗುವ ಹಳೆಯ ಜಾತಿಯ ಪ್ರೊಸೆಸರ್ ಅದರದ್ದು. ಅವಳ ಮೊದಲ ಅನುಮಾನ ಕಾವಿನ ಮೇಲೆ, ಎರಡನೆಯದು ವೋಲ್ಟೇಜಿನ ಮೇಲೆ. ಇಂಥ ಮದರ್‌ಬೋರ್ಡುಗಳ ಮೂಲೆಯಲ್ಲಿ ಹೆಬ್ಬೆರಳ ಉಗುರಿನಷ್ಟು ಒಂದು ಚಿಪ್ ಇರುತ್ತದೆ. ಪ್ರೊಸೆಸರ್ ಎಷ್ಟು ಬಿಸಿಯಾಗಿದೆ, ಯಾವ ತಂತಿಯಲ್ಲಿ ಎಷ್ಟು ವೋಲ್ಟ್ ಬರುತ್ತಿದೆ ಎಂದು ಬಿಡುವಿಲ್ಲದೆ ಅಳೆಯುವುದೇ ಅದರ ಕಸುಬು. ಆದರೆ ಅದು ಹೇಳುವುದು ಆಪರೇಟಿಂಗ್ ಸಿಸ್ಟಮ್‌ಗೆ ತಿಳಿಯಬೇಕಾದರೆ ನಡುವೆ ಡ್ರೈವರ್ ಎಂಬ ಸಣ್ಣ ಪ್ರೋಗ್ರಾಮ್ ಬೇಕು. ಅದಿಲ್ಲದಿದ್ದರೆ ಚಿಪ್ ತನ್ನ ಪಾಡಿಗೆ ಅಳೆಯುತ್ತಲೇ ಇರುತ್ತದೆ, ಕೇಳುವವರು ಇರುವುದಿಲ್ಲ. ಈ ಯಂತ್ರದಲ್ಲಿ ಅದನ್ನು ಯಾರೂ ಎಬ್ಬಿಸಿರಲಿಲ್ಲ. ಅನುಪಮ ಚಿಪ್ಪಿನ ಹೆಸರು ಪತ್ತೆ ಮಾಡಿ, ಅದರ ಡ್ರೈವರ್ ಹುಡುಕಿ ಜೋಡಿಸಿ, ಆಜ್ಞೆ ಕೊಟ್ಟಳು. ಪರದೆಯ ಮೇಲೆ ಸಾಲುಸಾಲಾಗಿ ಅಂಕಿಗಳು ಇಳಿದವು.

ಪ್ರೊಸೆಸರ್ ನಲವತ್ತೊಂಬತ್ತು ಡಿಗ್ರಿ. ಅದರಲ್ಲಿ ಕುಂದಿಲ್ಲ. ಹನ್ನೆರಡು ವೋಲ್ಟ್ ಇರಬೇಕಾದ ಸಾಲಿನಲ್ಲಿ ಮಾತ್ರ ಎಂಟು ಎಂದಿತ್ತು, ಪಕ್ಕದಲ್ಲಿ ಕೆಂಪಕ್ಷರದ ಎಚ್ಚರಿಕೆ.

ಅನುಪಮಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಸಿಕ್ಕಿಬಿಡ್ತು ಸಾರ್! ಪವರ್ ಸಪ್ಲೈ ಹೋಗಿದೆ" ಎಂದು ಕೂಗಿದಳು. ಮಾರನೆಯ ದಿನ ಹೊಸದೊಂದನ್ನು ತಂದು ಕೂರಿಸಿ ಮತ್ತೆ ಆಜ್ಞೆ ಕೊಟ್ಟಳು. ಮತ್ತೆ ಎಂಟು! ಹೊಚ್ಚ ಹೊಸದರಲ್ಲೂ ಎಂಟೇ? ಆಗ ಅವಳು ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದಳು. ಬ್ಯಾಗಿನಿಂದ ಮಲ್ಟಿಮೀಟರ್ ತೆಗೆದು ನೇರವಾಗಿ ತಂತಿಗೇ ಹಿಡಿದಳು. ಹನ್ನೆರಡು ಪಾಯಿಂಟ್ ಸೊನ್ನೆ ಆರು. ಹಳೆಯ ಪವರ್ ಸಪ್ಲೈಯನ್ನು ಹಾಕಿ ಹಿಡಿದರೆ ಅದರಲ್ಲೂ ಹನ್ನೆರಡೇ.

ನಾಲಿಗೆ ಕಚ್ಚಿಕೊಂಡಳು. ಆ ಪುಟ್ಟ ಚಿಪ್ಪಿಗೆ ಹನ್ನೆರಡು ವೋಲ್ಟ್ ತಡೆದುಕೊಳ್ಳುವ ತಾಕತ್ತಿಲ್ಲ. ಅದಕ್ಕೇ ಬೋರ್ಡು ಮಾಡಿದವರು ನಡುವೆ ಎರಡು ರೆಸಿಸ್ಟರ್ ಕೂರಿಸಿ, ವೋಲ್ಟೇಜನ್ನು ಇಷ್ಟು ಪಾಲು ಎಂದು ತಗ್ಗಿಸಿ ಅದಕ್ಕೆ ಉಣಿಸುತ್ತಾರೆ. ಎಷ್ಟು ಪಾಲು ತಗ್ಗಿಸಿದ್ದಾರೆ ಎಂಬುದು ಡ್ರೈವರಿಗೆ ತಿಳಿಯದು. ಅದು ಅಂದಾಜಿನಲ್ಲಿ ಗುಣಿಸಿ ಎಂಟು ಎಂದು ಹೇಳಿಬಿಟ್ಟಿತ್ತು. ಸರಿಯಾಗಿ ಒಂದೂವರೆಪಟ್ಟು ಗುಣಿಸು ಎಂದು ಕಡತದಲ್ಲಿ ಒಂದು ಸಾಲು ಬರೆದ ಮೇಲೆ ಹನ್ನೆರಡು ಬಂತು. ಅಂಕಿ ಸುಳ್ಳು ಹೇಳಿರಲಿಲ್ಲ, ಓದುವ ಬಗೆ ಅವಳಿಗೆ ಗೊತ್ತಿರಲಿಲ್ಲ ಅಷ್ಟೆ. ಇಷ್ಟು ವರ್ಷದ ಅನುಭವ ಇಟ್ಟುಕೊಂಡು ಮಾಡಿದ ತಪ್ಪಿಗೆ ಅವಳಿಗೆ ನಾಚಿಕೆಯಾಯಿತು. ಹೊಸ ಪವರ್ ಸಪ್ಲೈಯನ್ನು ಬ್ಯಾಗಿಗೆ ವಾಪಸ್ ತುರುಕಿಕೊಂಡಳು.

"ಏನ್ ಮೇಡಂ, ಸಿಕ್ಕಿಬಿಡ್ತು ಅಂದ್ರಿ?" ವಿಜಯ್‌ಕುಮಾರ್ ಮೀಸೆಯಡಿ ನಕ್ಕರು. "ನಾನ್ ಹೇಳೋದು ಕೇಳಿ. ಯಂತ್ರ ಸರಿಯಾಗೇ ಇದೆ."

ಸರಿಯಾಗಿಯೇ ಇತ್ತು, ಅದೇ ಅನುಪಮಳ ಸಂಕಟ. ಅವಳು ಎದುರು ಕೂತು ಒಂದು ಗಂಟೆ ಏನೇನೋ ಓಡಿಸಿದರೂ ಕಾವು ಐವತ್ತೈದು ದಾಟಲಿಲ್ಲ. ಅವಳು ಬಂದಾಗಲೆಲ್ಲ ಸುಮಿತ್ರಮ್ಮ ಹಾಳೆಗಳನ್ನೆಲ್ಲ ಎತ್ತಿ ಒಳಗಿಟ್ಟು, ಟೇಬಲ್ ಚೊಕ್ಕ ಮಾಡಿ, ಪಕ್ಕದಲ್ಲಿ ಕೈಕಟ್ಟಿ ನಿಂತುಬಿಡುತ್ತಿದ್ದರು. ಅವಳು ಹೋಗಿ ಎರಡು ಗಂಟೆಗೆಲ್ಲ ಯಂತ್ರ ಮತ್ತೆ ಕೈಕೊಡುತ್ತಿತ್ತು.

ಕೊನೆಗೆ ಅನುಪಮ ಒಂದು ಉಪಾಯ ಮಾಡಿದಳು. ಐದು ಸೆಕೆಂಡಿಗೊಂದು ಸಲ ಡ್ರೈವರನ್ನು ಕೇಳಿ, ಕಾವು ಇಷ್ಟು, ವೋಲ್ಟೇಜ್ ಇಷ್ಟು ಎಂದು ಹೊತ್ತಿನ ಸಮೇತ ಒಂದು ಕಡತಕ್ಕೆ ಬರೆದಿಡುವ ಪುಟ್ಟ ಪ್ರೋಗ್ರಾಮ್ ಬರೆದಳು. ಯಂತ್ರ ಯಾವ ಗಳಿಗೆಯಲ್ಲಿ ಆಫಾದರೂ ಅದರ ಹಿಂದಿನ ಸಾಲು ಉಳಿದಿರಬೇಕು, ಹಾಗೆ.

"ಅದೇನ್ ಬರೀತದೆ ಮೇಡಂ?" ಸುಮಿತ್ರಮ್ಮ ಬಗ್ಗಿ ನೋಡಿದರು.

"ಇದ್ರ ಜ್ವರ ಬರೀತದೆ. ನೀವು ನಿಮ್ ಪಾಡಿಗೆ ಕೆಲ್ಸ ಮಾಡಿ, ನಾನು ಗುರುವಾರ ಬರ್ತೀನಿ."

ಗುರುವಾರ ಸಂಜೆ ಅನುಪಮ ಕಡತವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮನೆಗೆ ಬಂದಳು. ಲ್ಯಾಪ್‌ಟಾಪ್ ತೆರೆದು ಬುಧವಾರದ ಬೆಳಗಿನ ಅಂಕಿಗಳಿಂದ ಗ್ರಾಫಿನ ಗೆರೆ ಎಳೆದಳು. ವೋಲ್ಟೇಜಿನ ಗೆರೆಗಳೆಲ್ಲ ಅಡ್ಡ ಮಲಗಿದ್ದವು, ಅವುಗಳಲ್ಲಿ ಕಥೆಯಿರಲಿಲ್ಲ. ಕಾವಿನ ಗೆರೆ ಕಂಡದ್ದೇ ಅವಳು ಕಾಲು ಮಡಚಿ ಕೂತಳು. ಹತ್ತೂಕಾಲಿನವರೆಗೆ ಐವತ್ತರ ಆಸುಪಾಸು. ಅಲ್ಲಿಂದ ಏರು. ಆದರೆ ಸುಮ್ಮನೆ ಏರಿರಲಿಲ್ಲ. ಏಳು ನಿಮಿಷ ಏರುವುದು, ಚೂರು ಇಳಿಯುವುದು, ಮತ್ತೆ ಏರುವುದು, ಮತ್ತೆ ಚೂರು ಇಳಿಯುವುದು. ಗರಗಸದ ಹಲ್ಲಿನಂತೆ ಕಚ್ಚುಕಚ್ಚಾಗಿತ್ತು. ಹನ್ನೊಂದೂವರೆ ದಾಟಿದ ಮೇಲೆ ಕಚ್ಚು ನಿಂತುಹೋಗಿ ಗೆರೆ ಒಂದೇ ಸಮ ಮೇಲಕ್ಕೆ ಹತ್ತಿತ್ತು. ಹನ್ನೆರಡು ಗಂಟೆ ಹದಿನಾಲ್ಕು ನಿಮಿಷಕ್ಕೆ ತೊಂಬತ್ತೊಂಬತ್ತು ಡಿಗ್ರಿ. ಅಲ್ಲಿಗೆ ಬರಹ ಮುಗಿದಿತ್ತು.

ಸ್ವಿಚ್ ಒತ್ತಿ ಆಫ್ ಮಾಡಿದರೆ ತೊಂಬತ್ತೊಂಬತ್ತು ಆಗುವುದಿಲ್ಲ. ಕಾವು ಮಿತಿ ಮೀರಿದಾಗ ಪ್ರೊಸೆಸರ್ ಸುಟ್ಟುಹೋಗದಿರಲೆಂದು ಯಂತ್ರ ತಾನೇ ಜೀವ ಬಿಟ್ಟಿತ್ತು. ಸುಮಿತ್ರಮ್ಮ ಸುಳ್ಳು ಹೇಳಿರಲಿಲ್ಲ ಎಂಬುದಕ್ಕೆ ಇಷ್ಟೇ ಸಾಕಿತ್ತು. ಬೇರೆಯವರಾಗಿದ್ದರೆ ಇಷ್ಟಕ್ಕೆ ಲ್ಯಾಪ್‌ಟಾಪ್ ಮುಚ್ಚುತ್ತಿದ್ದರು.

ಅನುಪಮಳ ಕಣ್ಣು ಆ ಕಚ್ಚುಗಳ ಮೇಲೆಯೇ ನಟ್ಟಿತ್ತು. ಏಳು ನಿಮಿಷಕ್ಕೊಮ್ಮೆ ಯಂತ್ರಕ್ಕೆ ಉಸಿರು ಕೊಡುತ್ತಿರುವುದು ಏನು? ತಾನಾಗಿ ಓಡುವ ಯಾವ ಕೆಲಸವೂ ಆ ಹೊತ್ತಿನಲ್ಲಿ ಇರಲಿಲ್ಲ. ಗಡಿಯಾರದ ಲೆಕ್ಕವೂ ಅಲ್ಲ, ಒಮ್ಮೆ ಆರೂವರೆ, ಒಮ್ಮೆ ಏಳೂಕಾಲು. ಬೆರಳಿಟ್ಟು ಎಣಿಸಿದಳು. ಹನ್ನೊಂದು.

"ಊಟಕ್ಕೆ ಬಾರೆ" ಎಂದು ಸಾಕಮ್ಮ ಮೂರನೇ ಸಲ ಕೂಗಿದಾಗ ಅನುಪಮ ಸುಮಿತ್ರಮ್ಮನಿಗೆ ಫೋನ್ ಹಚ್ಚಿದ್ದಳು.

"ನಿನ್ನೆ ಬೆಳಿಗ್ಗೆ ಹತ್ತೂಕಾಲಿಂದ ಏನ್ ಮಾಡ್ತಿದ್ರಿ ಸುಮಿತ್ರಮ್ಮನೋರೆ?"

"ಟೈಪ್ ಮಾಡ್ತಿದ್ದೆ. ಇನ್ನೇನ್ ಮಾಡ್ಲಿ?"

"ಆಫಾಗೋಷ್ಟ್ರಲ್ಲಿ ಎಷ್ಟು ಪುಟ ಆಗಿತ್ತು?"

"ಅನ್ನೊಂದು ಮುಗ್ಸಿ ಅನ್ನೆರಡನೇದು ಇಡ್ಕಂಡಿದ್ದೆ. ಅಷ್ಟ್ರಲ್ಲಿ ಓಗ್ಬುಡ್ತು. ಯಾಕೆ ಮೇಡಂ?"

ಹನ್ನೊಂದು! ಒಂದು ಪುಟ ಮುಗಿದು ಇನ್ನೊಂದು ಶುರುವಾದಾಗಲೆಲ್ಲ ಪ್ರೊಸೆಸರ್ ತಣ್ಣಗಾಗುತ್ತಿತ್ತು. ಕಾಗದದ ಹಾಳೆಯೊಂದು ಮುಗಿದರೆ ಡಬ್ಬಿಯೊಳಗಿನ ಚಿಪ್ಪಿಗೆ ಅದು ಗೊತ್ತಾಗುವುದು ಹೇಗೆ?

"ನಾಳೆ ನಾನು ಬಂದಾಗ ನೀವು ಎದ್ದೇಳ್ಬಾರ್ದು. ಟೇಬಲ್ ಒರೆಸ್ಬಾರ್ದು. ನಾನು ಬಂದೇ ಇಲ್ಲ ಅಂದ್ಕೊಂಡು ಕೆಲ್ಸ ಮಾಡ್ಬೇಕು."

"ಅದೆಂಗಾಯ್ತದೆ? ಬಂದೋರ್ಗೆ ಕುರ್ಚಿ ಕೊಡ್ದೆ ನಾನ್ ಕೂತಿರೋದಾ?" ಸುಮಿತ್ರಮ್ಮನಿಗೆ ಇದು ಅಪರಾಧವೆನಿಸಿತು. ಒಪ್ಪಿಸುವುದಕ್ಕೆ ಐದು ನಿಮಿಷ ಹಿಡಿಯಿತು.

ಶುಕ್ರವಾರ ಹತ್ತೂಕಾಲಿಗೆ ಅನುಪಮ ಬಾಗಿಲಲ್ಲಿ ನಿಂತಳು. ಸುಮಿತ್ರಮ್ಮ ಕಷ್ಟಪಟ್ಟು ಅವಳ ಕಡೆ ನೋಡದೆ ಕೂತರು. ಕಂಪ್ಯೂಟರಿನ ಡಬ್ಬಿ ಟೇಬಲ್ಲಿನ ಎಡಕ್ಕೆ, ಅವರ ಕಣ್ಣಿನ ಎತ್ತರಕ್ಕೆ ನಿಂತಿತ್ತು. ಅದರ ಪಕ್ಕದ ತಗಡಿನಲ್ಲಿ ಅಂಗೈಯಗಲದ ಜಾಲರಿ. ಸುಮಿತ್ರಮ್ಮ ಡ್ರಾಯರಿನಿಂದ ಒಂದು ಫುಲ್‌ಸ್ಕೇಪ್ ಹಾಳೆ ತೆಗೆದರು, ಡಬ್ಬಿಯ ಮಗ್ಗುಲಿಗೆ ಹಿಡಿದರು, ಕೈ ಬಿಟ್ಟರು. ಹಾಳೆ ಬೀಳಲಿಲ್ಲ. ಕ್ಲಿಪ್ಪಿಲ್ಲ, ಅಂಟಿಲ್ಲ, ಹಾಳೆ ತಗಡಿಗೆ ಕಚ್ಚಿಕೊಂಡು ನಿಂತೇ ಇತ್ತು. ಅವರ ಬೆರಳುಗಳು ಓಡತೊಡಗಿದವು.

ಅನುಪಮ ದಡಬಡ ಓಡಿಬಂದಳು. "ಅದ್ಯಾಕೆ ಬೀಳ್ಲಿಲ್ಲ?"

"ಅದೇ ಇಡ್ಕತದೆ ಕಣಮ್ಮ!" ಸಂಭ್ರಮದಲ್ಲಿ ಸುಮಿತ್ರಮ್ಮನ ಬಾಯಿಂದ ಮೇಡಂ ಬಿದ್ದುಹೋಯಿತು. "ಓದ್ ಬೇಸ್ಗೇಲಿ ನೀನೇ ಅಲ್ವ ಒಳ್ಗೆ ದೊಡ್ ಫ್ಯಾನ್ ಹಾಕಿ ಕೊಳವೆ ಕೂರ್ಸಿದ್ದು? ಅವತ್ತಿಂದ ಹಾಳೆ ಇಲ್ಲಿ ಇಟ್ರೆ ಎಳ್ಕಂಡ್ಬುಡ್ತದೆ. ಮೊಳೆ ಜೋಡ್ಸೋವಾಗ್ಲೂ ನಮ್ಗೆ ಕಾಪಿ ಹಾಳೆ ಎಡಗಡೆ ಕಣ್ಣಿಗ್ ನೇರಕ್ಕೇ ಇರ್ಬೇಕು. ಇಲ್ದಿದ್ರೆ ಕುತ್ಗೆ ಇಡ್ಕತದೆ. ಎಂಥ ಒಳ್ಳೆ ಕೆಲ್ಸ ಮಾಡ್ಕೊಟ್ಟೆ ಅಂತ ದಿನಾ ನಿನ್ನ ನೆನೆಸ್ಕತೀನಿ."

ಅನುಪಮಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಕೂರಿಸಿದ್ದ ಆ ಕೊಳವೆ ಜಾಲರಿಯಿಂದ ನೇರವಾಗಿ ಪ್ರೊಸೆಸರಿನ ತಲೆಯ ಮೇಲಿನ ಫ್ಯಾನಿಗೆ ಹೊರಗಿನ ಗಾಳಿ ತಲುಪಿಸುತ್ತಿತ್ತು. ಸುಮಿತ್ರಮ್ಮ ಅದರ ಮೂಗಿಗೇ ಹಾಳೆ ಮುಚ್ಚುತ್ತಿದ್ದರು. ಲಗ್ನಪತ್ರಿಕೆಯಂಥ ಪುಡಿ ಕೆಲಸಕ್ಕೆ ಅರ್ಧ ಹಾಳೆಯ ಕಾಪಿ, ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತಿತ್ತು. ಎರಡು ತಿಂಗಳ ಹಿಂದೆ ಸಣ್ಣಮಾದಯ್ಯನವರ ಪುಸ್ತಕ ಬಂದಾಗಿನಿಂದ ಗಂಟೆಗಟ್ಟಲೆ ಫುಲ್‌ಸ್ಕೇಪ್ ಹಾಳೆ. ಸುಪ್ರೀತ್ ಕಾಪಿಯನ್ನು ಫೋನಿನಲ್ಲೇ ತರಿಸಿಕೊಂಡು ಫೋನು ನೋಡಿ ಟೈಪ್ ಮಾಡುವವನು, ಅವನಿಗೆ ಹಾಳೆಯ ಗೊಡವೆಯೇ ಇಲ್ಲ. ಅನುಪಮ ಬಂದಾಗಲಂತೂ ಮರ್ಯಾದೆಗೆಂದು ಟೇಬಲ್ಲಿನ ಮೇಲೆ ಒಂದು ಚೂರು ಕಾಗದವೂ ಇರುತ್ತಿರಲಿಲ್ಲ.

ಪರದೆಯ ಮೂಲೆಯಲ್ಲಿ ಕಾವಿನ ಅಂಕಿ ಓಡುವಂತೆ ಮಾಡಿ ಅರ್ಧ ಗಂಟೆ ಕಾದಳು. ಎಂಬತ್ತೆರಡು. ಹಾಳೆ ತೆಗೆದಳು: ಎಪ್ಪತ್ತು, ಅರವತ್ತಾರು, ಅರವತ್ತೊಂದು. ಹಾಳೆ ಇಟ್ಟಳು, ಏರಿತು. ತೆಗೆದಳು, ಇಳಿಯಿತು. ಮೂರು ಸಲ ಮಾಡಿದಳು. ಎರಡನೇ ಸಲಕ್ಕೇ ಖಾತ್ರಿಯಾಗಿತ್ತು, ಮೂರನೆಯದು ಬರೀ ಖುಷಿಗೆ.

"ಅಯ್ಯೋ, ನಾನೇ ಉಸ್ರು ಕಟ್ಟಿಸ್ತಿದ್ನಾ ಇದಕ್ಕೆ?" ಸುಮಿತ್ರಮ್ಮ ಡಬ್ಬಿಯನ್ನು ಸವರಿದರು. ಅವರ ಕಣ್ಣಲ್ಲಿ ನೀರಾಡಿತು. ಅದರಲ್ಲಿ ನೋವೆಷ್ಟು, ನಿರಾಳವೆಷ್ಟು ಎಂದು ಅವರಿಗೂ ಹೇಳಲಾಗುತ್ತಿರಲಿಲ್ಲ.

ಅನುಪಮ ಗೆದ್ದ ಹುಮ್ಮಸ್ಸಿನಲ್ಲಿ ವಿಜಯ್‌ಕುಮಾರರನ್ನು ಕರೆದು ಲ್ಯಾಪ್‌ಟಾಪಿನಲ್ಲಿ ಗೆರೆ ತೋರಿಸಿದಳು. ಹಾಳೆ ಇಟ್ಟಾಗ ಏರುವುದು, ಪುಟ ಬದಲಿಸಿದಾಗ ಇಳಿಯುವುದು, ಕೊನೆಗೆ ಆಫಾಗುವುದು. ಒಂದೊಂದು ಕಚ್ಚೂ ಒಂದೊಂದು ಪುಟ ಸಾರ್ ಎಂದು ಬೆರಳಿಟ್ಟು ವಿವರಿಸಿದಳು. ವಿಜಯ್‌ಕುಮಾರ್ ಕನ್ನಡಕ ಏರಿಸಿ ಬಗ್ಗಿದರು. ಸ್ವಿಚ್ಚಿನ ಮಾತು ಸುಳ್ಳೆಂದು ಅವರಿಗೆ ಒಡನೆ ಗೊತ್ತಾಯಿತು. ಅದನ್ನು ಒಪ್ಪಿಕೊಂಡರು ಕೂಡ. ಆದರೆ ದಡ್ಡರಾಗಿರಲಿಲ್ಲ.

"ಒಂದು ಕಚ್ಚು ಒಂದು ಪುಟ. ಅಲ್ವಾ?"

"ಹೌದು ಸಾರ್."

"ಹಂಗಾದ್ರೆ ಇಲ್ಲಿ? ಹನ್ನೊಂದು ಮೂವತ್ತೆರಡರಿಂದ ಹನ್ನೆರಡು ಹದಿನಾಲ್ಕು. ನಲವತ್ತೆರಡು ನಿಮಿಷ ಒಂದೂ ಕಚ್ಚಿಲ್ಲ. ಏನ್ ಮಾಡ್ತಿದ್ರು?" ಅವರು ಬೆನ್ನು ನೆಟ್ಟಗೆ ಮಾಡಿದರು. "ಇದೇ ಕಣ್ರೀ ನಾನು ಹೇಳಿದ್ದು. ಸ್ವಿಚ್ ಒತ್ತಿಲ್ಲ, ಒಪ್ಕೋತೀನಿ. ಆದ್ರೆ ತೂಕಡಿಸಿದ್ದಾರೆ. ವಯಸ್ಸಾಯ್ತು ಅಂತ ನಾನ್ ಸುಮ್ನೆ ಹೇಳಿದ್ನಾ? ನಿಮ್ ಯಂತ್ರನೇ ಹೇಳ್ತಿದೆಯಲ್ಲ."

ಅನುಪಮ ಸುಮಿತ್ರಮ್ಮನ ಪರವಾಗಿ ತಂದ ಸಾಕ್ಷಿ ಅವರಿಗೇ ತಿರುಗಿಬಿದ್ದಿತ್ತು. ಯಾಕೆ, ಹೇಗೆ ಎಂದು ಕೆದಕುವ ತನ್ನ ಚಟದ ಮೇಲೆ ಅವಳಿಗೆ ಮೊದಲ ಬಾರಿಗೆ ಅಸಹ್ಯವಾಯಿತು. ಆ ನಲವತ್ತೆರಡು ನಿಮಿಷದಲ್ಲಿ ಏನಾಗಿತ್ತೆಂದು ಅವಳಿಗೂ ಗೊತ್ತಿರಲಿಲ್ಲ. ಸಣ್ಣದೊಂದು ಅನುಮಾನ ಅವಳೊಳಗೂ ಸುಳಿದು ಹೋಯಿತು. ಸುಳಿದದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಸುಮಿತ್ರಮ್ಮ ಎದ್ದು ಬಂದರು. ಗೆರೆ ನೋಡಿದರು, ಅದರ ಕೆಳಗೆ ಬರೆದಿದ್ದ ಹೊತ್ತು ನೋಡಿದರು. ಜಗಳ ಮಾಡಲಿಲ್ಲ. ಡ್ರಾಯರಿಗೆ ಕೈ ಹಾಕಿ, ಮುಗಿದ ಹಾಳೆಗಳ ಕಟ್ಟಿನಿಂದ ಬುಧವಾರದ ಹನ್ನೆರಡನೇ ಹಾಳೆ ಎಳೆದು ವಿಜಯ್‌ಕುಮಾರರ ಕೈಗೆ ಕೊಟ್ಟರು.

"ಇದು ಸಾರ್ ಆ ಪುಟ. ಓದಿ."

ವಿಜಯ್‌ಕುಮಾರ್ ಹಾಳೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಕಿಟಕಿಯ ಬೆಳಕಿಗೆ ತಿರುಗಿಸಿದರು. ಇರುವೆ ಶಾಯಿಯಲ್ಲಿ ಕಾಲದ್ದಿಕೊಂಡು ಓಡಾಡಿದಂತಿತ್ತು ಆ ಬರಹ. ಸುಪ್ರೀತನನ್ನು ಕರೆದು ಕೊಟ್ಟರು. ಮೂವತ್ತೈದರ ಸುಪ್ರೀತ್ ಬಣ್ಣ ವಿನ್ಯಾಸದಲ್ಲಿ ಎತ್ತಿದ ಕೈ, ಮೊಂಡು ಮನುಷ್ಯನಲ್ಲ. ನೋಡಿದವನೇ ವಾಪಸ್ ಕೊಟ್ಟ. "ನನ್ ಕೈಲಾಗಲ್ಲ ಸಾರ್. ಇದ್ರಲ್ಲಿ ಅಕ್ಷರ ಯಾವ್ದು, ಗೀಚು ಯಾವ್ದು ಅಂತಾನೇ ಗೊತ್ತಾಗ್ತಿಲ್ಲ."

"ಮೇಷ್ಟ್ರಿಗೆ ಲಕ್ವ ಹೊಡ್ದು ಬಲಗೈ ಬಿದ್ದೋಯ್ತು" ಎಂದರು ಸುಮಿತ್ರಮ್ಮ. "ಆಮೇಲಿಂದು ಎಡಗೈಲಿ ಬರ್ದಿರೋದು. ಬರೀ ಕಥೆ ಆದ್ರೆ ಹಿಂದು ಮುಂದು ನೋಡಿ ಊಹೆ ಮಾಡ್ಬೌದು. ಈ ಪುಟದಲ್ಲಿ ಇರೋದು ಹೆಸರು ಸಾರ್. ಬಾವಿ ತೋಡ್ದೋರ್ದು, ನಲವತ್ತೊಂದು ಜನ. ಹೆಸರ್ನ ಎಂಗೆ ಊಹೆ ಮಾಡ್ಲಿ? ಒಂದೊಂದ್ನೂ ಮೇಷ್ಟ್ರ ಮನೆಗೆ ಫೋನ್ ಮಾಡಿ ಕೇಳ್ದೆ. ಅವ್ರಿಗೆ ಮಾತೂ ತೊದ್ಲು. ನಾನು ಓದೋದು, ಅವ್ರು ಹೂಂ ಅನ್ನೋದು ಇಲ್ಲ ಉಹೂಂ ಅನ್ನೋದು. ಅಂಗೆ ಮೂವತ್ತೇಳು ಆಗಿತ್ತು. ಅಷ್ಟ್ರಲ್ಲಿ ಆಫಾಯ್ತು."

ಹಾಳೆಯನ್ನು ವಾಪಸ್ ಇಸಿದುಕೊಂಡು ಅವರು ಓದತೊಡಗಿದರು. "ದೊಡ್ಡಮನೆ ಕೆಂಪಯ್ಯ. ಅವನ ತಮ್ಮ ಚಿಕ್ಕಕೆಂಪ. ತಮಟೆ ಬೋರಯ್ಯ. ಕುರುಡಿ ಸಿದ್ದಮ್ಮ, ಮಣ್ಣು ಹೊತ್ತವಳು. ಸಿದ್ದಮ್ಮನ ಮಗಳು ಪುಟ್ಟಿ, ಇವಳೂ ಹೊತ್ತವಳು..." ಎಲ್ಲೂ ತಡವರಿಸಲಿಲ್ಲ. ಯಾರಿಗೂ ಅಕ್ಷರವಾಗಿ ಕಾಣದ ಆ ಗೀಚುಗಳಿಂದ ಜನ ಒಬ್ಬೊಬ್ಬರಾಗಿ ಎದ್ದು ಬರುತ್ತಿದ್ದರು. ಸುಪ್ರೀತ್ ಬಾಗಿಲಿಗೊರಗಿ ನಿಂತುಬಿಟ್ಟ. ಅನುಪಮ ಮತ್ತೆ ಆ ಗೆರೆ ನೋಡಿದಳು. ಸುಲಭದ ಪುಟಕ್ಕೆ ಏಳು ನಿಮಿಷಕ್ಕೊಮ್ಮೆ ಯಂತ್ರಕ್ಕೆ ಗಾಳಿ ಸಿಗುತ್ತಿತ್ತು. ಈ ಹೆಂಗಸು ಯಾವ ಪುಟದ ಮೇಲೆ ಜೀವ ತೇದಿದ್ದರೋ ಅದೇ ಪುಟದಲ್ಲಿ ಅದು ಉಸಿರುಕಟ್ಟಿ ನಿಂತಿತ್ತು. ಗೆರೆಯಲ್ಲಿ ಖಾಲಿ ಎಂದು ಕಂಡ ಜಾಗದಲ್ಲಿ ಇಡೀ ವಾರದ ಅತ್ಯಂತ ಕಷ್ಟದ ಕೆಲಸ ನಡೆದಿತ್ತು.

ನಲವತ್ತೊಂದೂ ಮುಗಿಯುವವರೆಗೆ ವಿಜಯ್‌ಕುಮಾರ್ ನಿಂತೇ ಇದ್ದರು. ಆಮೇಲೆ ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿಕೊಂಡರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

"ಪುಸ್ತಕ ನೀವೇ ಮುಗಿಸಿ ಸುಮಿತ್ರಮ್ಮ" ಎಂದರು. "ಬೈಂಡಿಂಗಿನ ಮಾತು ಮರೆತ್ಬಿಡಿ. ಹಾಳೆ ಇಡೋಕೆ ಒಂದು ಸ್ಟ್ಯಾಂಡ್ ಇವತ್ತೇ ತರಿಸ್ತೀನಿ."

ಸುಮಿತ್ರಮ್ಮ ತಲೆಯಾಡಿಸಿ ತಮ್ಮ ಕುರ್ಚಿಗೆ ಹೋಗಿ ಕೂತರು. ವಿಜಯ್‌ಕುಮಾರ್ ಮಾತ್ರ ಅಲ್ಲಿಂದ ಕದಲಲಿಲ್ಲ. ಅವರ ಕಣ್ಣು ಇನ್ನೂ ಲ್ಯಾಪ್‌ಟಾಪಿನ ಮೇಲಿತ್ತು. ವ್ಯಾಪಾರಸ್ಥರ ಕಣ್ಣು, ಒಮ್ಮೆ ರುಚಿ ಕಂಡದ್ದನ್ನು ಅಷ್ಟು ಬೇಗ ಬಿಡುವುದಿಲ್ಲ.

"ಅನುಪಮಾ, ಈ ಪ್ರೋಗ್ರಾಮ್ ಇರ್ಲಿ ಬಿಡಿ. ತೆಗೀಬೇಡಿ. ಯಾರು ಎಷ್ಟೊತ್ತಿಗೆ ಎಷ್ಟು ಪುಟ ಅಂತ ನನಗೂ ಒಂದು ಅಂದಾಜು ಇರುತ್ತೆ."

"ಇನ್ಮೇಲೆ ಹಾಳೆ ಸ್ಟ್ಯಾಂಡ್ ಮೇಲೆ ಇರುತ್ತಲ್ಲ ಸಾರ್. ಗಾಳಿ ಸರಾಗ ಆಡುತ್ತೆ, ಕಾವು ಏರಲ್ಲ, ಕಚ್ಚೂ ಬೀಳಲ್ಲ. ಗೆರೆ ನೆಟ್ಟಗೆ ಅಡ್ಡಕ್ಕೆ ಹೋಗ್ತಿರುತ್ತೆ, ಅಷ್ಟೆ" ಎಂದಳು ಅನುಪಮ. ಪ್ರೋಗ್ರಾಮನ್ನು ಅಳಿಸುವ ಆಜ್ಞೆಯನ್ನು ಅವಳು ಆಗಲೇ ಟೈಪ್ ಮಾಡಿ ಮುಗಿಸಿದ್ದಳು.

"ಹಂಗಾದ್ರೆ ಎಷ್ಟು ಪುಟ ಆಯ್ತು ಅಂತ ನನಗೆ ಗೊತ್ತಾಗೋದು ಹೆಂಗೆ?"

ಈ ಪ್ರಶ್ನೆಗೆ ಉತ್ತರ ಕೊಟ್ಟವರು ಸುಮಿತ್ರಮ್ಮ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯವಿತ್ತು.

"ಕೇಳಿ ಸಾರ್. ಇಪ್ಪತ್ತಾರು ವರ್ಷದಲ್ಲಿ ಒಂದಿನಾನೂ ನೀವು ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ."

ಕೆಳಗೆ ಬೆಲ್ಲದ ಅಂಗಡಿಯಲ್ಲಿ ಯಾರೋ ಗಾಡಿಯಿಂದ ಮೂಟೆ ಇಳಿಸುತ್ತಿದ್ದ ಸದ್ದು ಕೇಳಿಸಿತು. ವಿಜಯ್‌ಕುಮಾರ್ ಹೊರಡಲು ನೋಡಿದರು, ಹೊರಡಲಾಗಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಸುಮಿತ್ರಮ್ಮನ ಟೇಬಲ್ಲಿನ ಪಕ್ಕ ಕೂತರು. ಪ್ರೆಸ್ಸಿಗೆ ಬಂದವರು ಯಾರೂ ಅವರು ಹಾಗೆ ಸ್ಟೂಲಿನ ಮೇಲೆ ಪಕ್ಕದಲ್ಲಿ ಕೂತದ್ದನ್ನು ನೋಡಿರಲಿಲ್ಲ.

"ಇವತ್ತು ಎಷ್ಟಾಯ್ತು ಸುಮಿತ್ರಮ್ಮ?"

"ಒಂದೂವರೆ ಸಾರ್" ಎಂದು ಸುಮಿತ್ರಮ್ಮ ಹಾಳೆಯಿಂದ ಕಣ್ಣೆತ್ತದೆ ಹೇಳಿದರು. "ಬೆಳಗ್ಗಿಂದ ನೀವೇ ಬುಡ್ಲಿಲ್ವಲ್ಲ."